ಚಂದಾ ಕೇಳೋಕೆ ಯಾರೂ ಬರಲಿಲ್ಲ

ಎರಡು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ ಇತ್ತು. ಬೀದಿ ಕೊನೆಯಲ್ಲಿ ಬೊಂಬು ಇಳಿಸಿದ್ದರು, ಪೆಂಡಾಲ್‌ಗೆ ಗುಂಡಿ ತೋಡಿದ್ದರು. ಆದರೆ ಚಂದಾ ಕೇಳೋಕೆ ನಮ್ಮ ಮನೆಗೆ ಯಾರೂ ಬಂದಿರಲಿಲ್ಲ. ಪ್ರತಿ ವರ್ಷ ಹಬ್ಬದ ಮುಂಚೆ ಐನೂರರ ನೋಟೊಂದನ್ನು ದೇವರ ಮನೆಯ ಗೂಡಿನಲ್ಲಿ ಎತ್ತಿಡುತ್ತೇನೆ. ಹುಡುಗರು ಬಾಗಿಲಿಗೆ ಬಂದಾಗ ಹುಡುಕಾಡಬಾರದು ಅಂತ. ಆ ವರ್ಷವೂ ಇಟ್ಟಿದ್ದೆ. ಗಣಪತಿ ಕೂರಿಸಿದರು, ಮೂರನೇ ದಿನ ಬಿಟ್ಟೂ ಬಂದರು. ನೋಟು ಗೂಡಿನಲ್ಲೇ ಇತ್ತು.

ಪಕ್ಕದ ಮನೆಯವರನ್ನು ಕೇಳಿದೆ. ಅವರ ಹತ್ತಿರವೂ ಯಾರೂ ಬಂದಿರಲಿಲ್ಲ. ಎದುರು ಮನೆಯ ಟೀಚರ್ ಹೇಳಿದರು, "ಈಗ ಮನೆ ಮನೆಗೆ ಹೋಗಿ ಎತ್ತಲ್ಲ ಸಾರ್. ಯಾರೋ ಒಬ್ಬರು ಪೂರ್ತಿ ಖರ್ಚು ವಹಿಸ್ಕೊಂಡಿದಾರಂತೆ."

ಕೇಳಿದಾಗ ಒಳ್ಳೆಯದೇ ಆಯ್ತು ಅನ್ನಿಸಿತು. ಬೀದಿಯಲ್ಲಿ ಎಲ್ಲರ ಕೈಯೂ ಒಂದೇ ಥರ ಇರಲ್ಲ ಅಲ್ವಾ, ಯಾರೋ ಒಬ್ಬರು ಭಾರ ಹೊತ್ತರೆ ಬೇರೆಯವರಿಗೆ ಹಗುರ. ಆದರೆ ದಿನ ಕಳೆದ ಹಾಗೆ ಮನಸ್ಸಿನಲ್ಲಿ ಒಂದು ಕಸಿವಿಸಿ ಶುರುವಾಯಿತು. ಅದು ಇವತ್ತಿಗೂ ಹೋಗಿಲ್ಲ. ಈಗ ದೀಪಾವಳಿಯೂ ಮುಗಿದಿದೆ, ಅಂಗಳದಲ್ಲಿ ಹಣತೆಯ ಎಣ್ಣೆ ಕಲೆ ಇನ್ನೂ ಹಾಗೇ ಇದೆ. ಈ ಹೊತ್ತಿನಲ್ಲಾದರೂ ಅದನ್ನು ಬರೆದುಬಿಡೋಣ ಅಂತ ಕೂತಿದ್ದೇನೆ.

ಆ ಮೂರು ದಿನ ನಮ್ಮ ಮನೆಯಲ್ಲಿ ಏನಾಯಿತು ಅಂತ ಮೊದಲು ಹೇಳಬೇಕು. ನಮ್ಮದು ಬೆಂಗಳೂರಿನ ದಕ್ಷಿಣದ ಕಡೆಯ ಒಂದು ಹಳೇ ಬಡಾವಣೆ. ಮೂವತ್ತು ಅಡಿ ರಸ್ತೆ, ಎರಡೂ ಕಡೆ ಮನೆ. ಅಮ್ಮನಿಗೆ ಆಗ 81 ವರ್ಷ. ಹೃದಯದ ತೊಂದರೆ ಇದೆ, ಮಲಗುವುದು ರಸ್ತೆ ಕಡೆಯ ಕೋಣೆಯಲ್ಲಿ. ಪೆಂಡಾಲ್‌ನ ಎರಡೂ ಪಕ್ಕ ಆಳೆತ್ತರದ ಬಾಕ್ಸ್ ನಿಲ್ಲಿಸಿದ್ದರು, ಅವುಗಳ ಮುಖ ರಸ್ತೆಯ ಕಡೆಗೆ. ಹಾಡು ಯಾವುದು ಅಂತ ನಮ್ಮ ಮನೆಯೊಳಗೆ ಗೊತ್ತಾಗುತ್ತಿರಲಿಲ್ಲ, ಬರೀ ಧಡ್ ಧಡ್ ಅನ್ನೋ ಬೇಸ್ ಮಾತ್ರ. ಸ್ಟೀಲ್ ಲೋಟ ಅಲ್ಲಾಡುತ್ತಿತ್ತು. ಅಮ್ಮ ಎದೆ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು. "ಹಬ್ಬ ಕಣೋ, ಸುಮ್ನಿರು, ಜಗಳ ಆಡಬೇಡ" ಅಂದರು. ಹತ್ತು ಗಂಟೆ ದಾಟಿದ ಮೇಲೆ ನನ್ನಿಂದ ಸುಮ್ಮನಿರಲು ಆಗಲಿಲ್ಲ.

ಪೆಂಡಾಲ್ ಹತ್ತಿರ ಇದ್ದವರೆಲ್ಲ ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಅವರಲ್ಲಿ ಇಬ್ಬರು ಚಡ್ಡಿ ಹಾಕಿಕೊಂಡು ನಮ್ಮ ಗೇಟಿನ ಮುಂದೆ ಕ್ರಿಕೆಟ್ ಆಡುತ್ತಿದ್ದದ್ದನ್ನು ನೋಡಿದವನು ನಾನು. "ನೋಡಪ್ಪಾ, ಅಮ್ಮನಿಗೆ ಆಗ್ತಿಲ್ಲ, ಸ್ವಲ್ಪ ಕಡಿಮೆ ಮಾಡ್ತೀರಾ" ಅಂದೆ. ಒಬ್ಬ ಹುಡುಗನ ಮುಖ ನಿಜಕ್ಕೂ ಸಣ್ಣದಾಯಿತು. ಅವನು ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ಸಾರಿ ಸಾರ್, ನಮ್ ಕೈಲಿಲ್ಲ. ಅಣ್ಣ ಇನ್ನೂ ಬಂದಿಲ್ಲ. ಅವರು ಬಂದು ಪೂಜೆ ಮಾಡಿಸ್ಕೊಂಡು ಹೋಗೋವರ್ಗೂ ಸೌಂಡ್ ಇರ್ಬೇಕು ಅಂದವ್ರೆ."

ನಮ್ಮ ಬೀದಿಯ ಸದ್ದು ನಮ್ಮ ಬೀದಿಯ ಹುಡುಗರ ಕೈಯಲ್ಲೇ ಇಲ್ಲ. ಮನೆಗೆ ವಾಪಸ್ ಬರುವಾಗ ತಲೆಯೆತ್ತಿ ನೋಡಿದೆ. ಪೆಂಡಾಲ್‌ನ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್. ಅದರಲ್ಲಿ ಗಣಪತಿ ಮೂಲೆಯಲ್ಲಿ ಅಂಗೈಯಗಲ, ನಡುವೆ ಖರ್ಚು ವಹಿಸಿಕೊಂಡ 'ಅಣ್ಣ' ಆಳೆತ್ತರ. ಕೆಳಗೆ ಸಾಲಾಗಿ ಹದಿನೈದು ಇಪ್ಪತ್ತು ಸಣ್ಣ ಮುಖಗಳು. ನಾನು ಆ ಮುಖಗಳನ್ನು ಒಂದೊಂದಾಗಿ ನೋಡಿದೆ. ನಮ್ಮ ಬೀದಿಯವರು ಒಬ್ಬರೂ ಇರಲಿಲ್ಲ.

ನಾನು ಬೆಳೆದದ್ದು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಗಣಪತಿ ಹಬ್ಬ ಶುರುವಾಗುತ್ತಿದ್ದದ್ದೇ ರಸೀದಿ ಪುಸ್ತಕದಿಂದ. ಶ್ರಾವಣ ಮುಗಿಯುವ ಹೊತ್ತಿಗೆ ನಾವು ಏಳೆಂಟು ಹುಡುಗರು ಪುಸ್ತಕ ಹಿಡಿದು ಹೊರಡುತ್ತಿದ್ದೆವು. ಒಬ್ಬನ ಕೈಯಲ್ಲಿ ಪೆನ್ನು, ಒಬ್ಬನ ಕೈಯಲ್ಲಿ ಹಾರ್ಲಿಕ್ಸ್ ಡಬ್ಬಿ. ಎರಡು ರೂಪಾಯಿ, ಐದು ರೂಪಾಯಿ. ಹತ್ತು ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುತ್ತಿದ್ದೆವು. ದುಡ್ಡಿಲ್ಲದವರು ತೆಂಗಿನಕಾಯಿ ಕೊಡುತ್ತಿದ್ದರು, ಅಕ್ಕಿ ಕೊಡುತ್ತಿದ್ದರು.

ಆದರೆ ದುಡ್ಡು ಕೊಟ್ಟು ಯಾರೂ ಸುಮ್ಮನೆ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಒಂದು ಮಾತು ಇರುತ್ತಿತ್ತು. ಪೋಸ್ಟ್ ಮಾಸ್ಟರ್ ಮನೆಯವರು "ಈ ಸಲ ಹರಿಕಥೆ ಮಾಡಿಸ್ರೋ" ಅನ್ನುವರು. ಹೋಟೆಲಿನವರು "ಹೋದ ವರ್ಷದ ಲೆಕ್ಕ ಎಲ್ಲಿ?" ಅಂತ ಕೇಳುವರು, ಲೆಕ್ಕ ತೋರಿಸಿದ ಮೇಲೇ ಕೈ ಜೇಬಿಗೆ ಹೋಗುತ್ತಿತ್ತು. ಮೂಲೆಮನೆಯ ಅಜ್ಜಿಯೊಬ್ಬರು ಒಂದೇ ರೂಪಾಯಿ ಕೊಟ್ಟು ಕಾಲು ಗಂಟೆ ಬೈಯುತ್ತಿದ್ದರು. ಹೋದ ಸಲ ಚರಂಡಿ ಪಕ್ಕ ಕೂರಿಸಿದ್ರಿ, ದೇವರನ್ನ ಕೂರಿಸೋ ಜಾಗವಾ ಅದು ಅಂತ. ಮುಂದಿನ ವರ್ಷ ಜಾಗ ಬದಲಾಯಿತು. ಒಂದು ರೂಪಾಯಿಯ ಮಾತಿಗೆ ಅಷ್ಟು ತೂಕ ಇತ್ತು.

ಆಗ ಊರು ನಿಶ್ಶಬ್ದವಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ತೆಂಗಿನ ಮರಕ್ಕೆ ಹಾರನ್ ಕಟ್ಟಿ ಬೆಳಿಗ್ಗೆ ಐದಕ್ಕೇ ಭಕ್ತಿಗೀತೆ ಹಾಕುತ್ತಿದ್ದೆವು. ಎಂಬತ್ತರ ದಶಕದ ಕೊನೆಯಲ್ಲಿ ಬಾಡಿಗೆಗೆ ಟಿವಿ, ವಿಸಿಪಿ ತಂದು ಬೀದಿಯಲ್ಲೇ ಚಾಪೆ ಹಾಸಿ ರಾತ್ರಿಯಿಡೀ ಮೂರು ಮೂರು ಸಿನಿಮಾ ನೋಡಿದವರು ನಾವು. ಆ ಸದ್ದಿನಲ್ಲಿ ಯಾರಿಗೋ ನಿದ್ದೆ ಬಂದಿರಲಿಕ್ಕಿಲ್ಲ. ಆದರೆ ಯಾರಿಗೆ ಹೇಳಬೇಕು ಅಂತ ಅವರಿಗೆ ಗೊತ್ತಿತ್ತು. ಹೇಳಿದರೆ ಕೇಳಲೇಬೇಕಿತ್ತು, ಯಾಕೆಂದರೆ ಮುಂದಿನ ವರ್ಷ ಅದೇ ಬಾಗಿಲಿಗೆ ಪುಸ್ತಕ ಹಿಡಿದು ಹೋಗಬೇಕಿತ್ತು.

ಮನೆಯೊಳಗಿನ ಗಣಪತಿ ಬೀದಿಗೆ ಬಂದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1893ರಲ್ಲಿ ಪುಣೆಯಲ್ಲಿ ಬಾಲಗಂಗಾಧರ ತಿಲಕರು ಇದನ್ನು ದೊಡ್ಡ ಮಟ್ಟದಲ್ಲಿ ಸಾರ್ವಜನಿಕ ಹಬ್ಬ ಮಾಡಿದರು. ಅದರ ಹಿಂದಿನ ವರ್ಷವೇ ಅದೇ ಊರಿನಲ್ಲಿ ಭಾವೂಸಾಹೇಬ್ ರಂಗಾರಿ ಬೀದಿಯಲ್ಲಿ ಗಣಪತಿ ಕೂರಿಸಿದ್ದರು. ಬ್ರಿಟಿಷರ ಕಾಲದಲ್ಲಿ ಜನ ಒಂದು ಕಡೆ ಸೇರಿ ಮಾತಾಡಲು ಅದೊಂದು ದಾರಿಯಾಯಿತು. ಹಾಡು, ಭಾಷಣ, ಮೇಳ ಎಲ್ಲ ಅಲ್ಲಿ ನಡೆಯುತ್ತಿತ್ತು. ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಒಂದೇ. ಬೀದಿಗೆ ಬಂದದ್ದು ಜನ ಮಾತಾಡಲಿ ಅಂತ. ಈಗ ನಮ್ಮ ಬೀದಿಯ ಪೆಂಡಾಲ್‌ನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ.

ಮರುವರ್ಷ ನಾನೇ ಹುಡುಗರ ಹತ್ತಿರ ಹೋದೆ. ಕಮಿಟಿಗೆ ನನ್ನನ್ನೂ ಸೇರಿಸಿಕೊಳ್ಳಿ ಅಂದೆ. ದೂರು ಹೇಳೋಕೆ ಬಂದಿದಾರೆ ಅಂದುಕೊಂಡಿದ್ದ ಹುಡುಗರಿಗೆ ಆಶ್ಚರ್ಯ. ಆದರೂ ಸೇರಿಸಿಕೊಂಡರು, ಪೊಲೀಸ್ ಪರ್ಮಿಷನ್‌ಗೆ ಅರ್ಜಿ ಬರೆಯೋಕೆ ಒಬ್ಬರು ಬೇಕಿತ್ತು. ಪೊಲೀಸರು, ಪಾಲಿಕೆ, ಅಗ್ನಿಶಾಮಕ ದಳ, ಬೆಸ್ಕಾಂ ಎಲ್ಲದಕ್ಕೂ ಏಕಗವಾಕ್ಷಿ ಅಂತ ಒಂದೇ ಕಡೆ ಕೌಂಟರ್ ಮಾಡಿರುತ್ತಾರೆ, ಅದು ಒಳ್ಳೆಯ ವ್ಯವಸ್ಥೆ. ಅಲ್ಲಿ ಓಡಾಡುತ್ತಾ, ಖರ್ಚಿನ ಚೀಟಿ ಬರೆಯುತ್ತಾ ನನಗೆ ಒಂದೊಂದೇ ಅರ್ಥ ಆಗುತ್ತಾ ಹೋಯಿತು.

ಖರ್ಚಿನಲ್ಲಿ ಗಣಪತಿಯದು ಸಣ್ಣ ಪಾಲು. ಪ್ರಸಾದದ್ದು ಇನ್ನೂ ಸಣ್ಣದು. ಅರ್ಧದಷ್ಟು ದುಡ್ಡು ಹೋಗುತ್ತಿದ್ದದ್ದು ಸೌಂಡ್, ಲೈಟು, ಜನರೇಟರ್‌ಗೆ. ಯಾಕೆ ಅಷ್ಟು ಸೌಂಡ್ ಅಂದರೆ, ಹಿಂದಿನ ಕ್ರಾಸ್‌ನಲ್ಲಿ ಇದಕ್ಕಿಂತ ದೊಡ್ಡದು ಇಡುತ್ತಾರೆ. ಅಲ್ಲಿ ಇನ್ನೊಬ್ಬ ಅಣ್ಣ. ನಮ್ಮ ಅಣ್ಣ ಕಡಿಮೆ ಆಗಬಾರದು. ಅಲ್ಲಿಗೆ ಪೆಂಡಾಲ್ ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರ ಹೆಸರು.

ಇದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ಆಯಿತು. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೀದಿ ದೀಪ ಕೆಟ್ಟರೆ ಹೋಗಿ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ, ಆದರೆ ಮುಂದೊಂದು ದಿನ ಕಾರ್ಪೊರೇಟರ್ ಆಗಬೇಕು ಅಂತ ಇದ್ದವರು ಪ್ರತಿ ವಾರ್ಡಿನಲ್ಲೂ ಹಲವರಿದ್ದರು. ಅವರಿಗೆ ಜನರ ಮುಂದೆ ಬರಲು ಸಭೆ ಇರಲಿಲ್ಲ, ಕೌನ್ಸಿಲ್ ಇರಲಿಲ್ಲ. ಇದ್ದದ್ದು ಹಬ್ಬ ಒಂದೇ. ಹಾಗಾಗಿ ವರಮಹಾಲಕ್ಷ್ಮಿಗೆ ಒಂದು ಫ್ಲೆಕ್ಸ್, ಗಣಪತಿಗೆ ಒಂದು, ದಸರಾಕ್ಕೆ ಒಂದು, ದೀಪಾವಳಿಗೆ ಒಂದು. 1981ರ ಕಾಯ್ದೆಯೊಂದು ತೆರೆದ ಜಾಗಗಳ ಅಂದ ಕೆಡಿಸಬಾರದು ಅನ್ನುತ್ತದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಅದರಲ್ಲಿ ಫ್ಲೆಕ್ಸೂ ಸೇರಿತ್ತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದಲ್ಲಿ ಸಾವಿರಾರು ಫ್ಲೆಕ್ಸ್ ಇಳಿದವು. ಆ ಕೆಲವು ದಿನ ರಸ್ತೆಯಲ್ಲಿ ಮರಗಳು, ಮನೆಗಳು, ಆಕಾಶ ಎಲ್ಲ ಹೊಸದಾಗಿ ಕಂಡಿದ್ದವು. ನನಗೆ ಅದು ಚೆನ್ನಾಗಿ ನೆನಪಿದೆ.

ಸೌಂಡಿನವನ ಹತ್ತಿರ ಕೂತು ಮಾತಾಡಿದ್ದು ನನಗೆ ತುಂಬಾ ಉಪಯೋಗ ಆಯಿತು. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುವ ಮನುಷ್ಯ, ಕಿವಿ ಅರ್ಧ ಹೋಗಿದೆ. ಎರಡು ಬಾಕ್ಸ್ ಇದ್ದಲ್ಲಿ ನಾಲ್ಕು ಇಟ್ಟರೆ ಸದ್ದು ದುಪ್ಪಟ್ಟು ಕೇಳಿಸಲ್ಲ, ಬಾಡಿಗೆ ಮಾತ್ರ ದುಪ್ಪಟ್ಟಾಗುತ್ತದೆ ಅಂದ. ಅದು ನಿಜ. ಬಾಕ್ಸ್ ಎರಡರಷ್ಟಾದರೆ ಹೆಚ್ಚುವುದು ಸುಮಾರು 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ 10 ಡೆಸಿಬೆಲ್‌ನಷ್ಟು ಹೆಚ್ಚಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಬೇಸ್ ಸದ್ದು ಗೋಡೆ ದಾಟಿ ಬರುತ್ತದೆ, ಹಾಡಿನ ಮಾತು ದಾಟುವುದಿಲ್ಲ. ಅಮ್ಮನ ಕೋಣೆಗೆ ಬರೀ ಧಡ್ ಧಡ್ ಬರುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. "ಬಾಕ್ಸ್ ಮುಖ ಒಳಗೆ ತಿರುಗಿಸಿ, ಬೇಸ್ ಇಳಿಸಿ, ಸಣ್ಣದು ನಾಲ್ಕು ಕಡೆ ಇಡಿ, ಕೂತವರಿಗೆ ಚೆನ್ನಾಗಿ ಕೇಳುತ್ತೆ, ಮಲಗಿದವರಿಗೆ ತೊಂದ್ರೆ ಆಗಲ್ಲ. ಆದ್ರೆ ಹಂಗೆ ಯಾರೂ ಕೇಳಲ್ಲ ಸಾರ್" ಅಂದ.

ಕಾನೂನು ಏನು ಹೇಳುತ್ತದೆ ಅಂತಲೂ ಓದಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತೆಯೇ ಇಲ್ಲ. ಹಬ್ಬಗಳಿಗೆ ಅಂತ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ.

ಹಬ್ಬದ ಮೇಲೆ ಯಾಕೆ ಇಷ್ಟು ಕಟ್ಟುಪಾಡು ಅಂತ ಕಮಿಟಿಯಲ್ಲಿ ಒಬ್ಬ ಹುಡುಗ ಸಿಟ್ಟಾಗಿಯೇ ಕೇಳಿದ. ಅವನಿಗೆ ನಾನು 2005ರ ಜುಲೈ 18ರ ಸುಪ್ರೀಂ ಕೋರ್ಟ್ ತೀರ್ಪಿನ ಮೊದಲ ಪುಟಗಳಲ್ಲಿರುವ ವಿಷಯ ಹೇಳಿದೆ. ಆ ಪ್ರಕರಣದ ಹಿಂದೆ ಇದ್ದದ್ದು ಪತ್ರಿಕೆಯಲ್ಲಿ ಬಂದ ಒಂದು ಸುದ್ದಿ. 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು. ಅವಳು ಸಹಾಯಕ್ಕೆ ಕೂಗಿಕೊಂಡಳು. ಹತ್ತಿರದಲ್ಲೇ ಅಬ್ಬರಿಸುತ್ತಿದ್ದ ಧ್ವನಿವರ್ಧಕದಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ಆಮೇಲೆ ಆ ಮಗು ಬೆಂಕಿ ಹಚ್ಚಿಕೊಂಡಿತು.

ಹುಡುಗ ಸುಮ್ಮನಾದ. ನಾನೂ ಮುಂದೆ ಮಾತಾಡಲಿಲ್ಲ. ಆವತ್ತಿನಿಂದ ನನಗೆ ಜೋರು ಸದ್ದು ಬರೀ ಕಿರಿಕಿರಿ ಅನ್ನಿಸುವುದಿಲ್ಲ. ಆ ಸದ್ದಿನ ಕೆಳಗೆ ಏನು ಮುಚ್ಚಿಹೋಗುತ್ತಿದೆಯೋ ಅಂತ ಭಯ ಆಗುತ್ತದೆ.

ಗಣಪತಿಯ ನಂತರ ದಸರಾ. ಮೈಸೂರಿನ ದಸರಾದ ಬಗ್ಗೆ ನನಗೆ ಪ್ರೀತಿ ಇದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಹಬ್ಬ ಅದು. 750 ಕೆಜಿಯ ಅಂಬಾರಿ ಹೊತ್ತ ಆನೆ ಬನ್ನಿಮಂಟಪದ ಕಡೆ ನಡೆಯುವುದನ್ನು ಟಿವಿಯಲ್ಲಿ ನೋಡುವಾಗ ಅಮ್ಮ ಈಗಲೂ ಕೈ ಮುಗಿಯುತ್ತಾರೆ. ಆದರೆ ಬೆಂಗಳೂರಿನಲ್ಲಿ ನಮ್ಮ ಪಾಲಿನ ದಸರಾ ಅಂದರೆ ಆಯುಧಪೂಜೆ. ನನ್ನ ಆಫೀಸಿನಲ್ಲಿ ಕಂಪ್ಯೂಟರಿಗೂ ಕುಂಕುಮ, ಲಿಫ್ಟಿಗೂ ಬಾಳೆಕಂದು. ವರ್ಕ್‌ಶಾಪಿನ ಹುಡುಗರು ಸ್ಪ್ಯಾನರುಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ ಹೂವಿಟ್ಟು ನಿಲ್ಲುತ್ತಾರಲ್ಲ, ಅದನ್ನು ನೋಡಿದರೆ ನನಗೆ ಕಣ್ಣು ತುಂಬುತ್ತದೆ. ದುಡಿಯುವ ಕೈ ತನ್ನ ಸಲಕರಣೆಗೆ ನಮಸ್ಕಾರ ಮಾಡುವ ಹಬ್ಬ ಇನ್ನೆಲ್ಲಿದೆ?

ಆಮೇಲೆ ಬೂದುಗುಂಬಳಕಾಯಿ. ಅದಕ್ಕೆ ತೂತು ಮಾಡಿ ಕುಂಕುಮ ತುಂಬಿ, ಚಿಲ್ಲರೆ ಹಾಕಿ, ಗಾಡಿಗೆ ದೃಷ್ಟಿ ತೆಗೆದು ರಸ್ತೆಯ ಮಧ್ಯೆ ಒಡೆಯುತ್ತೇವೆ. ಒಡೆದು ಒಳಗೆ ಹೋಗುತ್ತೇವೆ. ಆ ತಿರುಳು ಅಲ್ಲೇ ಇರುತ್ತದೆ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಸಂಜೆ ಹೊತ್ತು ಮಳೆಯೂ ಬರುವುದುಂಟು. ತಿರುಳಿನ ಮೇಲೆ ಟೈರ್ ಹತ್ತಿದರೆ ಜಾರುತ್ತದೆ. ಸಂಚಾರ ಪೊಲೀಸರು ಪ್ರತಿ ವರ್ಷ ರಸ್ತೆಯಲ್ಲಿ ಒಡೆಯಬೇಡಿ ಅಂತ ಕೇಳಿಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ನಮ್ಮ ಬೀದಿಯ ತಿರುವಿನಲ್ಲೇ ಒಬ್ಬ ಡೆಲಿವರಿ ಹುಡುಗ ಸ್ಕೂಟರ್ ಸಮೇತ ಬಿದ್ದ. ಮೊಣಕೈ ಸುಲಿದು ಹೋಗಿತ್ತು. ಅವನ ಚೀಲದಲ್ಲಿ ಯಾರದೋ ಮನೆಯ ಹಬ್ಬದೂಟ ಇತ್ತು. ನಾವು ಅರಿಶಿನ ತಂದು ಹಚ್ಚುವಷ್ಟರಲ್ಲಿ ಅವನು ಎರಡು ಸಲ ಫೋನ್ ನೋಡಿದ, ಟೈಮ್ ಆಗ್ತಿದೆ ಅಂದ. ನನ್ನ ಗಾಡಿಗೆ ದೃಷ್ಟಿ ಆಗದಿರಲಿ ಅಂತ ನಾನು ಒಡೆದ ಕಾಯಿಯ ಮೇಲೆ ಬೇರೊಬ್ಬ ಬೀಳುವುದಾದರೆ ಆ ಪೂಜೆಯಲ್ಲಿ ಏನೋ ತಪ್ಪಿದೆ.

ಮರುದಿನ ಬೆಳಿಗ್ಗೆ ಬೀದಿಗೆ ಬರುವವರು ಪೌರಕಾರ್ಮಿಕರು. ಬಾಳೆಕಂದು, ಮಾವಿನ ಸೊಪ್ಪು, ಬಾಡಿದ ಚೆಂಡುಹೂವು, ಕುಂಬಳಕಾಯಿ, ಮಾರಾಟ ಆಗದೆ ಮೂಲೆಯಲ್ಲಿ ಬಿಟ್ಟುಹೋದ ರಾಶಿ. ಅವರ ಮನೆಯಲ್ಲೂ ಹಿಂದಿನ ದಿನ ಹಬ್ಬವೇ. ನಮ್ಮ ಬೀದಿಗೆ ಬರುವ ಅಕ್ಕನನ್ನು ಈ ಸಲ ಕೇಳಿದೆ, ಏನು ಮಾಡಿದರೆ ನಿಮಗೆ ಅನುಕೂಲ ಅಂತ. ಅವರು ಯೋಚನೆಯೇ ಮಾಡಲಿಲ್ಲ. "ಕಾಯಿ ಒಡೆದು ಒಂದ್ ಪಕ್ಕಕ್ಕೆ ಗುಡ್ಡೆ ಹಾಕಿ ಸಾ. ಬಾಳೆಕಂಬ ಬಿಚ್ಚಿ ಒಟ್ಟಿಗೆ ಕಟ್ಟಿಡಿ. ಅಷ್ಟು ಸಾಕು." ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲವಂತೆ. ಈ ವರ್ಷ ನಮ್ಮ ಬೀದಿಯ ಹನ್ನೆರಡು ಮನೆಯವರು ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟು ಅದರೊಳಗೇ ಒಡೆದೆವು. ಎದುರು ಮನೆ ಟೀಚರ್ ತಮ್ಮ ಸ್ಕೂಟಿಗೆ ನಿಂಬೆಹಣ್ಣು ಸಾಕು ಅಂದರು, ಕುಂಬಳಕಾಯಿಯನ್ನು ಒಳಗೆ ತೆಗೆದುಕೊಂಡು ಹೋಗಿ ಮಜ್ಜಿಗೆ ಹುಳಿ ಮಾಡಿದರು. ನಮಗೂ ಒಂದು ಡಬ್ಬಿ ಬಂತು.

ದಸರಾ, ದೀಪಾವಳಿ ಅಂದರೆ ಊರಿಗೆ ಹೋಗುವುದೂ ಇದೆ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ನಿಂತವರಿಗೆ ಗೊತ್ತು ಅದು ಏನು ಅಂತ. ದೂರದ ಊರಿನವರದು ಹೆಚ್ಚು ಕಷ್ಟ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗರು ಕಲಬುರಗಿ ಕಡೆಯವರು. ಬೇರೆ ದಿನ ಸಾವಿರದ ಆಸುಪಾಸು ಇದ್ದ ಖಾಸಗಿ ಬಸ್ಸಿನ ಟಿಕೆಟ್ ಹಬ್ಬದ ಹಿಂದಿನ ದಿನ ಮೂರು ಸಾವಿರ ದಾಟಿತ್ತು. ಹೋಗದೆ ಇಲ್ಲೇ ಉಳಿದರು. ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತದೆ. ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿದರೆ ಶೇ. 5, ಹೋಗಿಬರುವ ಎರಡೂ ಟಿಕೆಟ್ ಒಟ್ಟಿಗೆ ತೆಗೆದರೆ ಬರುವ ಟಿಕೆಟ್‌ಗೆ ಶೇ. 10 ಕಡಿಮೆ. ಆದರೆ ಆ ಸೀಟುಗಳು ಬೇಗ ಖಾಲಿಯಾಗುತ್ತವೆ.

ಇದೇ ಬಸ್ಸಿನ ವಿಷಯದಲ್ಲಿ ಒಂದು ಸಂತೋಷವನ್ನೂ ಹೇಳಲೇಬೇಕು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ ಶುರುವಾಯಿತಲ್ಲ, ಆ ವರ್ಷ ನಮ್ಮಕ್ಕ ಗೌರಿ ಹಬ್ಬಕ್ಕೆ ಅಮ್ಮನನ್ನು ನೋಡಲು ಬಂದಳು. ಬಾಗಿನ ತೆಗೆದುಕೊಂಡು ಹೋಗಲು ಅಷ್ಟು ವರ್ಷ ನಾವೇ ಅವಳ ಊರಿಗೆ ಹೋಗಬೇಕಿತ್ತು ಅಥವಾ ಭಾವನಿಗೆ ಬಿಡುವಾಗಬೇಕಿತ್ತು. ಆ ಸಲ ಅವಳೇ ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಿದಳು. ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ, ಯಾರ ಒಪ್ಪಿಗೆಗೂ ಕಾಯಲಿಲ್ಲ. ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತ 58 ವರ್ಷದ ಅಕ್ಕನ ಮುಖದಲ್ಲಿ ಕಂಡ ಖುಷಿ ನಾನು ಮೊದಲು ನೋಡಿರಲಿಲ್ಲ. ಬಸ್ಸಿನಲ್ಲಿ ರಶ್ ಜಾಸ್ತಿ ಆಯ್ತು ಅಂತ ಗೊಣಗುವವರಿಗೆ ನಾನು ಇದನ್ನು ಹೇಳುತ್ತೇನೆ. ಆ ರಶ್‌ನಲ್ಲಿ ಎಷ್ಟೋ ವರ್ಷದ ನಂತರ ತವರಿಗೆ ಹೊರಟ ಹೆಂಗಸರಿದ್ದಾರೆ.

ದೀಪಾವಳಿಯ ಪಟಾಕಿ ವಿಷಯಕ್ಕೆ ಬರುತ್ತೇನೆ. ನೀರು ತುಂಬುವ ಹಬ್ಬ, ಎಣ್ಣೆ ಸ್ನಾನ, ಬಲಿಪಾಡ್ಯಮಿ ಎಲ್ಲ ನನಗೆ ಇಷ್ಟ. ಪಟಾಕಿಯೂ ಇಷ್ಟವಾಗಿತ್ತು. ಸರಪಟಾಕಿಯನ್ನು ಬಿಡಿಸಿ ಬಿಸಿಲಿಗೆ ಒಣಗಿಸಿ ಒಂದೊಂದಾಗಿ ಹೊಡೆದವನು ನಾನು. ಆದರೆ ನನ್ನ ದುಡ್ಡು, ನನ್ನ ಪಟಾಕಿ ಅನ್ನುವ ಮಾತನ್ನು ಈಗ ಒಪ್ಪಲಾರೆ. ಪ್ರತಿ ದೀಪಾವಳಿಗೂ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಸುದ್ದಿ ಬರುತ್ತದೆ. 1896ರಲ್ಲಿ ಶುರುವಾದ ಆಸ್ಪತ್ರೆ ಅದು. ಹಬ್ಬದ ದಿನಗಳಲ್ಲಿ ಹಗಲು ರಾತ್ರಿ ಡಾಕ್ಟರುಗಳು ಕಾದಿರುತ್ತಾರೆ. ಕಣ್ಣಿಗೆ ಪೆಟ್ಟಾಗಿ ಬರುವವರಲ್ಲಿ ಮಕ್ಕಳು ತುಂಬಾ ಜನ. ಪಟಾಕಿ ಮುಟ್ಟದೆ ಸುಮ್ನೆ ನಿಂತು ನೋಡುತ್ತಿದ್ದವರು, ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರು ಕೂಡ ಪ್ರತಿ ವರ್ಷ ಇರುತ್ತಾರೆ.

ಇನ್ನು ಅತ್ತಿಬೆಲೆ. 2023ರ ಅಕ್ಟೋಬರ್ 7ರ ಮಧ್ಯಾಹ್ನ ಅಲ್ಲಿ ಪಟಾಕಿ ಅಂಗಡಿ, ಗೋದಾಮಿಗೆ ಬೆಂಕಿ ಬಿದ್ದು ಅದೇ ದಿನ ಹತ್ತಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡವರಲ್ಲಿ ಕೆಲವರು ಆಮೇಲೆ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ಬಂದ ಹುಡುಗರು. ಹಬ್ಬದ ಸಮಯದಲ್ಲಿ ನಾಲ್ಕು ಕಾಸು ದುಡಿದು ಫೀಸ್ ಕಟ್ಟೋಣ ಅಂತ ಬಂದ ವಿದ್ಯಾರ್ಥಿಗಳೂ ಇದ್ದರು. ಅದಾದ ಮೇಲೆ ರಾಜಕೀಯ ಕಾರ್ಯಕ್ರಮ, ಮದುವೆ, ಗಣಪತಿ ಮೆರವಣಿಗೆಗಳಲ್ಲಿ ಪಟಾಕಿ ಹೊಡೆಯುವಂತಿಲ್ಲ ಅಂತ ಸರ್ಕಾರ ಹೇಳಿತು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹೊಗೆ ಕಡಿಮೆ ಬಿಡುವ 'ಹಸಿರು ಪಟಾಕಿ' ಮಾತ್ರ ಅಂದಿತ್ತು. ಸರಪಟಾಕಿ ಬೇಡ ಅಂದಿತ್ತು. ಆ ಕೇಸ್ 2015ರಲ್ಲಿ ದಾಖಲಾದದ್ದು ದೆಹಲಿಯ ಮೂರು ಪುಟ್ಟ ಮಕ್ಕಳ ಹೆಸರಿನಲ್ಲಿ. ಇನ್ನೂ ಮಾತು ಬರದ ಕೂಸುಗಳು. ಅವರ ಪರವಾಗಿ ಅಪ್ಪಂದಿರು ಹೋಗಿ, ನಮ್ಮ ಮಕ್ಕಳಿಗೂ ಉಸಿರಾಡಲು ಗಾಳಿ ಬೇಕು ಅಂತ ಕೇಳಿದ್ದರು. ಇದನ್ನು ಹಬ್ಬದ ವಿರುದ್ಧದ ಕೇಸ್ ಅಂತ ಯಾರಾದರೂ ಕರೆದರೆ ನನಗೆ ನೋವಾಗುತ್ತದೆ.

ಮೊಬೈಲಿನಲ್ಲಿ ಬರುವ ಶುಭಾಶಯಗಳ ಬಗ್ಗೆ, ಆನ್‌ಲೈನ್ ಸೇಲ್‌ಗಳ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಬೇಡ. ನೂರು ಜನಕ್ಕೆ ಹೂವಿನ ಚಿತ್ರ ಕಳಿಸುವುದರಿಂದ ಯಾರಿಗೂ ನಿದ್ದೆ ಕೆಡುವುದಿಲ್ಲ. ನನ್ನ ಸೋದರತ್ತೆ ಪ್ರತಿ ಹಬ್ಬಕ್ಕೂ ಬೆಳಿಗ್ಗೆ ಐದೂವರೆಗೆ ಕಳಿಸುತ್ತಾರೆ. ಅದು ಬಂದರೆ ಅವರು ಚೆನ್ನಾಗಿದ್ದಾರೆ ಅಂತ ಅರ್ಥ.

ಈ ವರ್ಷದ ಗಣಪತಿಗೆ ಮತ್ತೆ ಬರುತ್ತೇನೆ. ಜುಲೈನಲ್ಲೇ ಕಮಿಟಿಯಲ್ಲಿ ಮಾತೆತ್ತಿದೆ. ಈ ಸಲ ಸ್ಪಾನ್ಸರ್ ಬೇಡ, ಪುಸ್ತಕ ಹಿಡಿದು ಹೋಗೋಣ ಅಂದೆ. ಅರ್ಧ ಜನ ಒಪ್ಪಲಿಲ್ಲ. "ಯಾರ್ ಸಾರ್ ಕೊಡ್ತಾರೆ ಈ ಕಾಲದಲ್ಲಿ, ಬಾಗಿಲೇ ತೆಗೆಯಲ್ಲ" ಅಂದರು. ಅಣ್ಣನಿಗೆ ಬೇಡ ಅಂತ ಹೇಳಲು ಹೆದರಿಕೆಯೂ ಇತ್ತು, ಅದು ಸುಳ್ಳಲ್ಲ. ನಾಳೆ ಒಂದು ಕೆಲಸಕ್ಕೆ ಅವರ ಹತ್ತಿರವೇ ಹೋಗಬೇಕಾಗುತ್ತದೆ. ಕೊನೆಗೆ ಒಂದು ಮಾತಿಗೆ ಬಂದೆವು. ಎಲ್ಲರ ಥರ ಅವರೂ ಚಂದಾ ಕೊಡಲಿ, ಎಲ್ಲರ ಥರ ಅವರಿಗೂ ರಸೀದಿ ಕೊಡೋಣ. ಫ್ಲೆಕ್ಸ್ ಬೇಡ. ಹೋಗಿ ಹೇಳಿದ್ದು ಆವತ್ತು ಸೌಂಡ್ ನಮ್ ಕೈಲಿಲ್ಲ ಅಂದಿದ್ದ ಅದೇ ಹುಡುಗ. ಅವನ ಧೈರ್ಯಕ್ಕೆ ನಾನು ಋಣಿ. ಅಣ್ಣ ಐದು ಸಾವಿರ ಕೊಟ್ಟರು, ಪೂಜೆಗೆ ಬರಲಿಲ್ಲ.

ನೂರು ಹಾಳೆಯ ರಸೀದಿ ಪುಸ್ತಕ ತಂದೆ. ಎರಡು ಭಾನುವಾರ ಸುತ್ತಿದೆವು. ಬಾಗಿಲು ತೆಗೆಯಲ್ಲ ಅನ್ನೋದು ಸುಳ್ಳಾಯಿತು, ಬಹಳ ಜನ ತೆಗೆದರು. ಹಳೇ ಮನೆಯವರಿಗಿಂತ ಬಾಡಿಗೆ ಮನೆಯವರು ಹೆಚ್ಚು ಖುಷಿಪಟ್ಟರು. ಏಳು ವರ್ಷದಿಂದ ಇದೇ ಬೀದಿಯಲ್ಲಿದ್ದೇವೆ, ನಮ್ಮ ಹೆಸರು ಕೇಳಿದ್ದು ನೀವೇ ಮೊದಲು ಅಂತ ಒಬ್ಬರು ಹೇಳಿದರು. ಕಲಬುರಗಿಯ ಹುಡುಗರು ನಾವು ಭಜನೆ ಮಾಡ್ತೀವ್ರಿ, ನಮ್ಮ ಕಡೆ ತಬಲಾ ಐತ್ರಿ ಅಂದರು. ಮೂರನೇ ಮಹಡಿಯಲ್ಲಿ ಒಬ್ಬಳು ನರ್ಸ್ ಹುಡುಗಿ. ಐವತ್ತು ರೂಪಾಯಿ ಕೊಟ್ಟು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. ಆಮೇಲೆ ಕೇಳಿದಳು, "ನಂಗೆ ನೈಟ್ ಡ್ಯೂಟಿ ಅಂಕಲ್. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಲಗ್ತೀನಿ. ಮಧ್ಯಾಹ್ನ ಎರಡರವರೆಗೆ ಮೈಕ್ ಹಾಕದೇ ಇರೋಕಾಗುತ್ತಾ?" ನಾನು ಅದನ್ನು ರಸೀದಿಯ ಅಡಿಯಲ್ಲಿ ಬರೆದುಕೊಂಡೆ. ಮೂರೂ ದಿನ ಎರಡು ಗಂಟೆಯವರೆಗೆ ಮೈಕ್ ಹಾಕಲಿಲ್ಲ, ಪುರೋಹಿತರು ಬಾಯಲ್ಲೇ ಮಂತ್ರ ಹೇಳಿದರು, ಹತ್ತಿರ ಕೂತವರಿಗೆಲ್ಲ ಚೆನ್ನಾಗಿಯೇ ಕೇಳಿತು.

ಬಾಕ್ಸ್ ಸಣ್ಣದು ನಾಲ್ಕು, ಮುಖ ಒಳಗೆ. ಮಣ್ಣಿನ ಗಣಪತಿ, ಎರಡೂವರೆ ಅಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರಿನಲ್ಲಿ ಕರಗದೆ ಹಾಗೇ ಉಳಿಯುತ್ತದೆ, ಮಣ್ಣು ಕೆಲವೇ ಗಂಟೆಗಳಲ್ಲಿ ಕರಗುತ್ತದೆ. ಯಡಿಯೂರು ಕೆರೆಯ ಕಲ್ಯಾಣಿಗೆ ತಮಟೆ ಬಡಿಸಿಕೊಂಡು ಹೋಗಿ ಒಂಬತ್ತೂವರೆಯೊಳಗೆ ಬಿಟ್ಟು ಬಂದೆವು. ಹುಡುಗರಿಗೆ ಕುಣಿದದ್ದು ಸಾಕಾಗಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಮುಂದಿನ ವರ್ಷ ಇನ್ನೂ ಸ್ವಲ್ಪ ಬೇಗ ಹೊರಡಬೇಕು, ಕುಣಿಯಲು ಒಂದು ಗಂಟೆ ಜಾಸ್ತಿ ಸಿಗಬೇಕು. ಹಬ್ಬದಲ್ಲಿ ಅವರಿಗೂ ಪಾಲಿದೆ.

ಲೆಕ್ಕ ಬರೆದು ಹಾಲಿನ ಬೂತ್‌ನ ಗೋಡೆಗೆ ಅಂಟಿಸಿದ್ದೇವೆ. ರಾಜ್ಯೋತ್ಸವವನ್ನು ನಮ್ಮ ಬೀದಿಯಲ್ಲಿ ನವೆಂಬರ್ ಕೊನೆಯ ಭಾನುವಾರ ಮಾಡುವುದು ರೂಢಿ. ಅದಕ್ಕೂ ಇದೇ ಪುಸ್ತಕ. ನಿನ್ನೆ ತೆಗೆದು ನೋಡಿದೆ, ಇನ್ನೂ 31 ಹಾಳೆ ಖಾಲಿ ಇವೆ. ಬೀದಿಯ ಆ ತುದಿಯಲ್ಲಿ ಮೂರು ಪಿಜಿ ಕಟ್ಟಡಗಳಿವೆ, ಅಲ್ಲಿಗೆ ನಾವು ಹೋಗಲೇ ಇಲ್ಲ. ಈ ಭಾನುವಾರ ಹೋಗಬೇಕು.